ಮೊದಲ ರೋಡ್ ಬೈಕ್, ಅದೂ ಸೆಕೆಂಡ್ ಹ್ಯಾಂಡ್: 54 ಸೈಜ್ ನನಗೆ ಆಗುತ್ತಾ?

ಮೆಟ್ಟಿಲ ದಾರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ಎರಡು ವರ್ಷದಿಂದ ಗೇರ್ ಇಲ್ಲದ ಲೇಡೀಸ್ ಸೈಕಲ್‌ನಲ್ಲೇ ಶಾಲೆಗೆ ಹೋಗಿ ಬರುತ್ತಿದ್ದೇನೆ. ದಿನಕ್ಕೆ 11 ಕಿಲೋಮೀಟರ್ ಆಗುತ್ತದೆ. ಈಗ ಭಾನುವಾರ ಬೆಳಿಗ್ಗೆ ಸ್ವಲ್ಪ ದೂರ ಹೋಗುವ ಆಸೆ ಹುಟ್ಟಿದೆ. ಮೊದಲು ಶ್ರೀರಂಗಪಟ್ಟಣ, ಆಮೇಲೆ ನಂಜನಗೂಡು. ಒಂದು ದಿನ ಇಳಿಯದೆ ಚಾಮುಂಡಿ ಬೆಟ್ಟ ಹತ್ತಬೇಕು.

ಕೈಯಲ್ಲಿ 25 ಸಾವಿರ ಇದೆ, ಅದಕ್ಕೇ ಹಳೆಯ ರೋಡ್ ಬೈಕ್ (ಬಾಗಿದ ಹ್ಯಾಂಡಲ್, ತೆಳ್ಳಗಿನ ಟೈರಿನ ಗೇರ್ ಸೈಕಲ್) ನೋಡುತ್ತಿದ್ದೇನೆ. ಒಂದು ಜಾಹೀರಾತು ಇಷ್ಟವಾಯಿತು. ಅಲ್ಯುಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೊ ಸೋರಾ ಗೇರ್, 2018ರಲ್ಲಿ ತಗೊಂಡಿದ್ದು. ಫ್ರೇಮ್ ಸೈಜ್ 54, ಅಂದರೆ ಸೆಂಟಿಮೀಟರ್ ಲೆಕ್ಕದಲ್ಲಿ. ಕೇಳುತ್ತಿರುವುದು 27 ಸಾವಿರ. ನನ್ನ ಎತ್ತರ 5 ಅಡಿ 3 ಇಂಚು. ಫೋನ್ ಮಾಡಿ ಕೇಳಿದೆ. "ಸೀಟು ಇಳಿಸಿಕೊಂಡರೆ ಆಯ್ತು ಮೇಡಂ, ಎಲ್ಲರಿಗೂ ಆಗುತ್ತೆ" ಅಂದರು. ನಿಜಾನಾ? ಫೋಟೋದಲ್ಲಿ ತುಂಬಾ ಚೆನ್ನಾಗಿದೆ.

ಹಳೇ ಚೈನು (ಬೆಂಗಳೂರು)

ಮೇಡಂ, ಫೋಟೋ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಒಂದು ಅಳತೆ ತಗೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲಿನ ಮಧ್ಯೆ ಮೇಲಕ್ಕೆ ಒತ್ತಿ ಹಿಡಿಯಿರಿ, ಸೀಟಿನ ಮೇಲೆ ಕೂತಾಗ ಒತ್ತುವಷ್ಟು. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಹೇಳಿ. ಗಾಡಿ ಬ್ರ್ಯಾಂಡು, ಗೇರು, ಬಣ್ಣ ಎಲ್ಲ ಆಮೇಲೆ ಮಾತಾಡೋಣ.

ಮೆಟ್ಟಿಲ ದಾರಿ

ಮೂರು ಸಲ ಅಳೆದೆ. 74 ಬಂತು.

ಹಳೇ ಚೈನು

ಹಾಗಾದರೆ ಆ 54 ನಿಮ್ಮದಲ್ಲ.

ಲೆಕ್ಕ ಹೇಳುತ್ತೇನೆ. ಕಾಲಿನ ಒಳ ಅಳತೆಯನ್ನು 0.67ರಿಂದ ಗುಣಿಸಿದರೆ ರೋಡ್ ಬೈಕಿನ ಫ್ರೇಮ್ ಸೈಜ್ ಹತ್ತಿರ ಹತ್ತಿರ ಸಿಗುತ್ತದೆ. ನಿಮಗೆ 49.6. ಅಂದರೆ 48ರಿಂದ 50ರ ಒಳಗೆ ನೋಡಬೇಕು. ಕೆಲವು ಕಂಪನಿಯವರು ನಂಬರ್ ಹಾಕುವುದಿಲ್ಲ, ಎಕ್ಸ್‌ಎಸ್, ಎಸ್ ಅಂತ ಬರೆಯುತ್ತಾರೆ. ಅದೇ 74ನ್ನು 0.883ರಿಂದ ಗುಣಿಸಿ. 65 ಚಿಲ್ಲರೆ ಬರುತ್ತದೆ. ಪೆಡಲ್ ಕಡ್ಡಿ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಅದು. ಎರಡೂ ಅಂದಾಜೇ. ಆದರೆ ಹೊಸಬರು ಇಲ್ಲಿಂದ ಶುರು ಮಾಡಿದರೆ ದೊಡ್ಡ ತಪ್ಪಾಗುವುದಿಲ್ಲ.

ಸೀಟು ಇಳಿಸಿದರೆ ಎತ್ತರ ಸರಿಹೋಗಬಹುದು. ಆದರೆ ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ ಹಾಗೇ ಉಳಿಯುತ್ತದೆ ಅಲ್ವಾ? ನಿಮ್ಮ ಮಾಮೂಲಿ ಸೈಕಲ್‌ನಲ್ಲಿ ಬೆನ್ನು ನೆಟ್ಟಗಿಟ್ಟು ಕೂರುತ್ತೀರಿ, ಅದಕ್ಕೇ ಈ ದೂರ ಗೊತ್ತಾಗಿಲ್ಲ. ರೋಡ್ ಬೈಕಿನಲ್ಲಿ ಮುಂದಕ್ಕೆ ಬಾಗಿ ಹ್ಯಾಂಡಲ್ ಹಿಡಿಯಬೇಕು. ದೂರ ಜಾಸ್ತಿಯಾದರೆ 20 ಕಿಲೋಮೀಟರ್ ಆಗುವುದರೊಳಗೆ ಅಂಗೈ ಜೋಮು ಹಿಡಿಯುತ್ತದೆ, ಕತ್ತು ಬಿಗಿಯುತ್ತದೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಾಯಿಸಿ ಎರಡು ಮೂರು ಸೆಂಟಿಮೀಟರ್ ಹತ್ತಿರ ತರಬಹುದು, ಅಷ್ಟೇ. ಎರಡು ಸೈಜ್ ದೊಡ್ಡದನ್ನು ಯಾವ ಸ್ಟೆಮ್ಮೂ ಚಿಕ್ಕದು ಮಾಡಲ್ಲ.

ಸೋರಾ ಬದಲು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶಿಮಾನೊ ಗೇರ್ ಕ್ಲಾರಿಸ್ ಇದ್ದರೂ ಚಿಂತೆ ಇಲ್ಲ. ಟೈರು ಬದಲಾಯಿಸಬಹುದು, ಗೇರು ಬದಲಾಯಿಸಬಹುದು. ಸೈಜ್ ಬದಲಾಯಿಸಲು ಆಗಲ್ಲ.

ಹೊಸದೇ ವಾಸಿ (ಹುಬ್ಬಳ್ಳಿ)

ನನ್ನ ಅಭಿಪ್ರಾಯ ಬೇರೆ. ಏನೂ ಗೊತ್ತಿಲ್ಲದವರು ಹಳೆಯದಕ್ಕೆ ಕೈ ಹಾಕಬಾರದು. ಇನ್ನು ಆರು ತಿಂಗಳು ದುಡ್ಡು ಕೂಡಿಸಿ ಹೊಸದನ್ನೇ ತಗೊಳ್ಳಿ. ಅಂಗಡಿಯಲ್ಲಿ ನಾಲ್ಕು ಸೈಜ್ ಹತ್ತಿ ನೋಡಬಹುದು, ವಾರಂಟಿ ಇರುತ್ತದೆ, ಮೊದಲ ಸರ್ವೀಸ್ ಅವರೇ ಮಾಡಿಕೊಡುತ್ತಾರೆ. ನಾನು ಹಳೆಯದು ತಗೊಂಡು ಎರಡೇ ತಿಂಗಳಲ್ಲಿ ಒಂಬತ್ತು ಸಾವಿರ ರಿಪೇರಿಗೆ ಹಾಕಿದ್ದೇನೆ.

ಹಳೇ ಚೈನು

ಅವರು ಹೇಳುವುದರಲ್ಲಿ ಒಂದು ಮಾತು ಪೂರ್ತಿ ಒಪ್ಪುತ್ತೇನೆ. ಕೊಳ್ಳುವುದು ಹಳೆಯದೇ ಆದರೂ ಮೊದಲು ಅಂಗಡಿಗೆ ಹೋಗಿ ಸೈಜ್ ಹತ್ತಿ ನೋಡಿ. ಡೆಕಾಥ್ಲಾನ್ ಅಂಗಡಿಯಲ್ಲಿ ರೋಡ್ ಬೈಕ್ ಹತ್ತಲು ಕೊಡುತ್ತಾರೆ, ಹಳೆಯ ಮಾಲಿನಲ್ಲೂ ಅವರ ಟ್ರೈಬನ್ ಸೈಕಲ್ ಸಿಗುತ್ತದೆ. ಅಲ್ಲಿ ಹತ್ತು ನಿಮಿಷ ಓಡಿಸಿದರೆ ಮೈಗೆ ಗೊತ್ತಾಗುತ್ತದೆ.

ಆದರೆ ಹಳೆಯದು ಬೇಡ ಅನ್ನುವುದು ಸರಿಯಲ್ಲ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಎಷ್ಟೋ ಜನ ಒಳ್ಳೊಳ್ಳೆ ಸೈಕಲ್ ತಗೊಂಡರು. ಆಫೀಸ್ ಶುರುವಾದ ಮೇಲೆ ಬಾಲ್ಕನಿಯಲ್ಲಿ ನಿಲ್ಲಿಸಿಬಿಟ್ಟರು. ಅಂಥವು ಈಗಲೂ ಮಾರಾಟಕ್ಕೆ ಬರುತ್ತಿವೆ. ಸಾವಿರ ಕಿಲೋಮೀಟರ್ ಕೂಡ ಓಡಿರುವುದಿಲ್ಲ.

ನಂದಿ ಭಾನುವಾರ (ಬೆಂಗಳೂರು)

ಬೆಟ್ಟ ಹತ್ತುವ ಆಸೆ ಇದೆ ಅಂದಿದ್ದೀರಿ, ಅದಕ್ಕೆ ಗೇರಿನ ಬಗ್ಗೆ ಒಂದು ಮಾತು. ಜಾಹೀರಾತಿನಲ್ಲಿ ಸೋರಾ, ಟಿಯಾಗ್ರಾ, 105 ಅಂತ ಹೆಸರು ಹಾಕಿರುತ್ತಾರೆ. ಅದಕ್ಕಿಂತ ಮೊದಲು ಹಲ್ಲು ಎಷ್ಟು ಅಂತ ಕೇಳಿ. ಪೆಡಲ್ ಹತ್ತಿರದ ಎರಡು ಚಕ್ರಕ್ಕೆ 50 ಮತ್ತು 34 ಹಲ್ಲು ಇದ್ದರೆ ನಿಮಗೆ ಒಳ್ಳೆಯದು. ಹಿಂದಿನ ದೊಡ್ಡ ಹಲ್ಲುಚಕ್ರ 28 ಅಥವಾ 32 ಇರಲಿ.

ಹಳೇ ರೇಸ್ ಸೈಕಲ್‌ಗಳಲ್ಲಿ ಮುಂದೆ 53/39, ಹಿಂದೆ 25 ಇರುತ್ತದೆ. ಲೆಕ್ಕ ಹಾಕಿ ನೋಡಿ. ಚಕ್ರ ಒಂದು ಸುತ್ತಿಗೆ 2.1 ಮೀಟರ್ ಉರುಳುತ್ತದೆ. 34–28ರಲ್ಲಿ (ಮುಂದೆ 34, ಹಿಂದೆ 28 ಹಲ್ಲು) ಪೆಡಲ್ ಒಂದು ಸುತ್ತು ತುಳಿದರೆ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತೀರಿ. 39–25ರಲ್ಲಿ ಅದೇ ಒಂದು ಸುತ್ತಿಗೆ 3.3 ಮೀಟರ್. ಏರಿನಲ್ಲಿ ಅಷ್ಟು ದೂರ ಒಂದೇ ತುಳಿತಕ್ಕೆ ತಳ್ಳಬೇಕು ಅಂದರೆ ಮೊಣಕಾಲಿನ ಗತಿ ಏನು? ನಾನು ಮೊದಲ ವರ್ಷ ನಂದಿ ಬೆಟ್ಟದಲ್ಲಿ ಇಳಿದು ತಳ್ಳಿದ್ದು ಇದೇ ಕಾರಣಕ್ಕೆ. ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಂಪು) ಬದಲಾಯಿಸಿದ ಮೇಲೆ ಅದೇ ಕಾಲಿನಲ್ಲಿ ನಿಲ್ಲದೆ ಹತ್ತಿದೆ.

ಗೋಲಗುಮ್ಮಟ (ವಿಜಯಪುರ)

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಊರಿಗೆ ಊರೇ ನೋಡುತ್ತದೆ. ಇಲ್ಲಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಇಲ್ಲಿ ಎಷ್ಟೋ ಮಂದಿ ಕಲಿತದ್ದು ಇನ್ನೊಬ್ಬರು ಓಡಿಸಿಬಿಟ್ಟ ಸೈಕಲ್ ಮೇಲೆ. ಹಂಗಾಗಿ ಹಳೆಯದು ಅಂದರೆ ಹೆದರಬೇಡಿ ಅಕ್ಕಾ. ಆದರೆ ನೋಡುವುದು ಕಲಿಯಿರಿ.

ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಒಂದು ಕೆಂಪು ಸೈಕಲ್ ತಗೊಂಡೆ. ಹೊಳೆಯುತ್ತಿತ್ತು. ಮನೆಗೆ ತಂದ ಮೇಲೆ ಒಬ್ಬ ಹಿರಿಯ ಸವಾರರು ಬಂದರು. ಅವರು ಹ್ಯಾಂಡಲ್ ಕಡೆ, ಗೇರ್ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕುಳಿತು, ಮುಂದಿನ ಚಕ್ರದ ಹಿಂದೆ ಕೈ ಹಾಕಿದರು. ಹ್ಯಾಂಡಲ್ ಕೆಳಗಿನ ಕುತ್ತಿಗೆಯಿಂದ ಪೆಡಲ್ ಕಡೆಗೆ ಇಳಿಯುವ ದಪ್ಪ ಪೈಪ್ ಇರುತ್ತದಲ್ಲ, ಅದರ ಅಡಿಯಲ್ಲಿ ಎರಡು ಬೆರಳು ಮೆಲ್ಲಗೆ ಜಾರಿಸಿದರು. ಆಮೇಲೆ ನನ್ನ ಬೆರಳು ಹಿಡಿದು ಅದೇ ಜಾಗಕ್ಕೆ ಇಟ್ಟರು. ಕಣ್ಣಿಗೆ ಏನೂ ಕಾಣಲ್ಲ. ಬೆರಳಿಗೆ ಮಾತ್ರ ಒಂದು ಸಣ್ಣ ಅಲೆ ಸಿಕ್ಕಿತು, ಹಪ್ಪಳದ ಅಂಚಿನ ಹಾಗೆ. "ಇದು ಎದುರಿಗೆ ಎಲ್ಲೋ ಗುದ್ದಿದ ಸೈಕಲ್" ಅಂದರು. ಮೇಲೆ ಹೊಸ ಬಣ್ಣ ಹೊಡೆದು ಕೊಟ್ಟಿದ್ದರು. ಆ ಫ್ರೇಮ್ ಮೇಲೆ ನಾನು ಮತ್ತೆ ಕೂರಲಿಲ್ಲ. ಕೊಟ್ಟ ದುಡ್ಡು ಹೋಯಿತು.

ನೀವು ಯಾವುದೇ ಸೈಕಲ್ ನೋಡಲು ಹೋದರೂ ಮೊದಲು ಆ ಜಾಗ ಮುಟ್ಟಿ. ಅಲೆ ಸಿಕ್ಕರೆ, ಬಣ್ಣ ಕೂದಲೆಳೆಯಷ್ಟು ಸೀಳಿದ್ದರೆ, ವಾಪಸ್ ಬಂದುಬಿಡಿ. ಬೆಲೆ ಎಷ್ಟು ಇಳಿಸಿದರೂ ಬೇಡ.

ಕಡಲ ತಡಿ (ಮಂಗಳೂರು)

ಕರಾವಳಿಯಿಂದ ಬಂದ ಸೈಕಲ್ ಆದರೆ ಇನ್ನೊಂದು ನೋಡಬೇಕು. ಇಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳು ಮಳೆ. ಬೋಲ್ಟ್‌ಗಳಿಗೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಸೀಟಿನ ಕಂಬ. ಫ್ರೇಮಿನ ಒಳಗೇ ಕಚ್ಚಿಕೊಂಡು ಕೂತಿರುತ್ತದೆ. ನೋಡಲು ಹೋದಾಗ ಬೋಲ್ಟ್ ಸಡಿಲಿಸಿ ಸೀಟನ್ನು ಮೇಲೆ ಕೆಳಗೆ ಮಾಡಿ ತೋರಿಸಿ ಅಂತ ಕೇಳಿ. ಅಲ್ಲಾಡದಿದ್ದರೆ ಬೇಡ. ನಾನು ಒಂದನ್ನು ಬಿಡಿಸಲು ಮೂರು ದಿನ ಒದ್ದಾಡಿದ್ದೇನೆ.

ಮನೆಯೊಳಗೆ ಟ್ರೈನರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತುಳಿದ ಸೈಕಲ್‌ಗೂ ಇದೇ ಕಥೆ. ಬೆವರು ಹ್ಯಾಂಡಲ್ ಟೇಪಿನ ಕೆಳಗೆ ಇಳಿದು ಲೋಹ ತಿಂದಿರುತ್ತದೆ.

ಮೆಟ್ಟಿಲ ದಾರಿ

ನಿಮ್ಮೆಲ್ಲರ ಮಾತು ಓದಿದ ಮೇಲೂ ಆ 54ನ್ನು ಒಂದು ಸಲ ನೋಡಿ ಬರೋಣ ಅನ್ನಿಸಿ ಹೋಗಿದ್ದೆ. ಹತ್ತಿದೆ. ಮೇಲಿನ ಪೈಪ್ ದಾಟಿ ಎರಡೂ ಕಾಲು ನೆಲಕ್ಕೆ ಊರಲು ಆಗಲಿಲ್ಲ. ಬ್ರೇಕ್ ಹಿಡಿಯಬೇಕಾದರೆ ಭುಜ ಕಿವಿಯವರೆಗೆ ಏರುತ್ತಿತ್ತು. ಮಾರುವವರು ಮತ್ತೆ "ಅಭ್ಯಾಸ ಆಗುತ್ತೆ" ಅಂದರು. ಬೇಡ ಅಂತ ಹೇಳಿ ಬಂದೆ. ಬರುವಾಗ ಬೇಜಾರಾಯಿತು. ಸಣ್ಣ ಸೈಜ್ ಹುಡುಕಿದರೆ ಸಿಗುತ್ತಲೇ ಇಲ್ಲ, ಎಲ್ಲಿ ನೋಡಿದರೂ 54, 56.

ತುಂಗೆಯ ದಡ (ಶಿವಮೊಗ್ಗ)

ನಾನು 5 ಅಡಿ 1 ಇಂಚು. ನನಗೂ ಹೀಗೇ ಆಗಿತ್ತು ಟೀಚರ್. ನಾಲ್ಕು ತಿಂಗಳು ಕಾದೆ. ಸಣ್ಣ ಸೈಜ್ ಕಮ್ಮಿ ಬರುತ್ತದೆ. ಆದರೆ ಬಂದಾಗ ಕೇಳುವವರೂ ಕಮ್ಮಿ, ಅದಕ್ಕೆ ಬೆಲೆ ಚೆನ್ನಾಗಿ ಇಳಿಯುತ್ತದೆ. ಬೆಂಗಳೂರಿನ ಜಾಹೀರಾತುಗಳನ್ನೂ ನೋಡುತ್ತಿರಿ. ಮತ್ತೆ, ಒಬ್ಬರೇ ನೋಡಲು ಹೋಗಬೇಡಿ. ಜೊತೆಗೆ ಯಾರಾದರೂ ಇರಲಿ, ಹಗಲು ಹೊತ್ತಲ್ಲಿ ಹೋಗಿ.

ಮೆಟ್ಟಿಲ ದಾರಿ

ಐದು ವಾರ ಆದಮೇಲೆ ಬರೆಯುತ್ತಿದ್ದೇನೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು 49 ಬಂದಿದೆ! ಮಾರುತ್ತಿರುವುದು ಹೆಂಗಸೇ. 2020ರಲ್ಲಿ ತಗೊಂಡು ಒಂದು ವರ್ಷ ಓಡಿಸಿ ನಿಲ್ಲಿಸಿದ್ದಾರಂತೆ. ಅಲ್ಯುಮಿನಿಯಂ ಫ್ರೇಮ್, ಕ್ಲಾರಿಸ್ 8 ಗೇರ್, 50/34, ಹಿಂದೆ 28. ಬಿಲ್ ಇದೆ ಅಂದರು. 24 ಸಾವಿರ ಕೇಳುತ್ತಿದ್ದಾರೆ. ಶನಿವಾರ ಭಾವನ ಕಾರಿನಲ್ಲಿ ಹೋಗುತ್ತಿದ್ದೇನೆ. ಏನೇನು ನೋಡಬೇಕು, ದಯವಿಟ್ಟು ಒಂದು ಕಡೆ ಹೇಳಿ.

ಹಳೇ ಚೈನು

ನೀವು ಟೀಚರ್ ಅಲ್ವಾ, ಶಾಲೆಯಿಂದ ಒಂದು ಸ್ಟೀಲ್ ಸ್ಕೇಲ್ ತನ್ನಿ. ಅದರಲ್ಲೇ ಅರ್ಧ ಕೆಲಸ ಆಗುತ್ತದೆ.

ಚೈನು ಮೊದಲು. ಒಂದು ಪಿನ್ನಿನ ನಡುಭಾಗವನ್ನು ಸ್ಕೇಲಿನ ಸೊನ್ನೆಗೆ ಇಡಿ. ಚೈನು ಬಿಗಿಯಾಗಿರಲಿ. ಹೊಸ ಚೈನಾದರೆ ಆ ಪಿನ್ನನ್ನೂ ಸೇರಿಸಿ ಎಣಿಸಿದರೆ 21ನೇ ಪಿನ್ನು ಸರಿಯಾಗಿ 10 ಇಂಚಿಗೆ ಬಂದು ಕೂರುತ್ತದೆ. ಸವೆದ ಹಾಗೆ ಉದ್ದವಾಗುತ್ತದೆ. ಒಂದೂವರೆ, ಎರಡು ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನು ಬದಲಾಯಿಸಬೇಕು. ಎರಡೂವರೆ ದಾಟಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಕ್ಯಾಸೆಟ್ಟಿನ ದುಡ್ಡೂ ಲೆಕ್ಕಕ್ಕೆ ಹಿಡಿಯಿರಿ.

ಅದೇ ಸ್ಕೇಲಿನ ಅಂಚನ್ನು ರಿಮ್ಮಿನ ಪಕ್ಕಕ್ಕೆ, ಬ್ರೇಕ್ ಶೂ ಉಜ್ಜುವ ಜಾಗಕ್ಕೆ ಇಡಿ. ಸ್ಕೇಲ್ ಪೂರ್ತಿ ಕೂತರೆ ಒಳ್ಳೆಯದು. ನಡುವೆ ತಗ್ಗು ಕಂಡರೆ ರಿಮ್ಮು ಸವೆದಿದೆ. ಗೋಡೆ ತೆಳ್ಳಗಾದ ರಿಮ್ಮು ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸೀಳಬಹುದು. ನೀವು ಬೆಟ್ಟ ಇಳಿಯುವವರು, ಇದನ್ನು ಮರೆಯಬೇಡಿ.

ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಶೂಗೂ ರಿಮ್ಮಿಗೂ ಇರುವ ಸಂದು ನೋಡಿ. ಸ್ವಲ್ಪ ಔಟ್ ಇದ್ದರೆ ಕಡ್ಡಿ ಬಿಗಿಸಿ ಸರಿ ಮಾಡಬಹುದು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹ್ಯಾಂಡಲ್ ಕುತ್ತಿಗೆಯಲ್ಲಿ ಪ್ಲೇ ಇದೆ. ಬಿಗಿ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನೇರ ಬಂದಾಗ ಕಚ್ಚಿದ ಹಾಗೆ ಆದರೆ ಬೇರಿಂಗ್ ಹೋಗಿದೆ. ಎರಡೂ ಪೆಡಲ್ ಕಡ್ಡಿಗಳನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ, ಆಡಬಾರದು.

ಆಮೇಲೆ ಹಿಂದೆ ನಿಂತು ನೋಡಿ. ಚೈನು ಹಾದುಹೋಗುವ ಎರಡು ಪುಟ್ಟ ಚಕ್ರಗಳ ತೋಳು ಕ್ಯಾಸೆಟ್ಟಿಗೆ ನೇರವಾಗಿ ಇರಬೇಕು. ಒಳಗಡೆ ವಾಲಿದ್ದರೆ ಸೈಕಲ್ ಗೇರಿನ ಕಡೆಗೆ ಬಿದ್ದಿರಬಹುದು ಅಂತ ಅರ್ಥ. ಹಾಗೇ ಓಡಿಸಿದರೆ ಅದು ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳಬಹುದು.

ನಿಂತಿದ್ದ ಸೈಕಲ್‌ಗೆ ಇನ್ನೊಂದು ಕಾಯಿಲೆ ಉಂಟು. ಗೇರ್ ಲಿವರ್ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಲಿವರ್ ಒತ್ತಿದರೆ ಕ್ಲಿಕ್ ಅನ್ನುವುದೇ ಇಲ್ಲ, ಬೆರಳಿಗೆ ಬರೀ ಮೆತ್ತಗೆ ಹೋಗುತ್ತದೆ. ಲಿವರ್ ಸತ್ತಿದೆ ಅಂದುಕೊಂಡು ಜನ ಬಿಟ್ಟು ಬರುತ್ತಾರೆ. ಬಹಳ ಸಲ ಡಿಗ್ರೀಸರ್ ಸ್ಪ್ರೇ ಹೊಡೆದು, ಐವತ್ತು ಸಲ ಒತ್ತಿ, ಮತ್ತೆ ಎಣ್ಣೆ ಬಿಟ್ಟರೆ ಜೀವ ಬರುತ್ತದೆ. ಆದರೆ ಗ್ಯಾರಂಟಿ ಇಲ್ಲ, ಬೆಲೆಯಲ್ಲಿ ಹಿಡಿದುಕೊಳ್ಳಿ.

ಕೊನೆಗೆ ಸೈಕಲ್ ತಲೆಕೆಳಗು ಮಾಡಿ. ಸಾಮಾನ್ಯವಾಗಿ ಪೆಡಲ್ ಜಾಗದ ಅಡಿಯಲ್ಲಿ ಸೀರಿಯಲ್ ನಂಬರ್ ಕೆತ್ತಿರುತ್ತದೆ. ಉಜ್ಜಿ ಅಳಿಸಿದ್ದರೆ ಅದು ಕದ್ದ ಮಾಲು ಇರಬಹುದು, ಮುಟ್ಟಬೇಡಿ. ಬಿಲ್ಲಿನಲ್ಲಿ ನಂಬರ್ ಇದ್ದರೆ ತಾಳೆ ನೋಡಿ. ಇಂಥ ನಂಬರಿನ ಸೈಕಲ್ ಇಷ್ಟಕ್ಕೆ ಮಾರಿದ್ದೇನೆ ಅಂತ ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.

ಮಲ್ಲೇಶ್ವರ ನನಗೆ ಹತ್ತಿರ. ನಿಮಗೆ ಅಡ್ಡಿ ಇಲ್ಲದಿದ್ದರೆ ಶನಿವಾರ ನಾನೂ ಬರುತ್ತೇನೆ.

ಮೆಟ್ಟಿಲ ದಾರಿ

ಬನ್ನಿ ಸರ್, ದೊಡ್ಡ ಉಪಕಾರ.

ಹೊಸದೇ ವಾಸಿ

ಇಷ್ಟು ನೋಡಿ ತಗೊಳ್ಳುವುದಾದರೆ ನನ್ನ ಅಡ್ಡಿ ಏನೂ ಇಲ್ಲ. ನಾನು ಇದರಲ್ಲಿ ಒಂದನ್ನೂ ನೋಡಿರಲಿಲ್ಲ. ಹೆಲ್ಮೆಟ್ ಮಾತ್ರ ಹೊಸದೇ ತಗೊಳ್ಳಿ. ಹಳೇ ಹೆಲ್ಮೆಟ್ ಎಷ್ಟು ಸಲ ಬಿದ್ದಿದೆ ಅಂತ ಯಾರಿಗೂ ಗೊತ್ತಿರಲ್ಲ.

ಮೆಟ್ಟಿಲ ದಾರಿ

ತಗೊಂಡೆ!

ಗೋಲಗುಮ್ಮಟದವರು ಹೇಳಿದ ಜಾಗಕ್ಕೇ ಮೊದಲು ಕೈ ಹಾಕಿದೆ. ನುಣ್ಣಗಿತ್ತು. ಸ್ಕೇಲ್ ಇಟ್ಟು ಚೈನು ಅಳೆದೆ, 21ನೇ ಪಿನ್ನು ಅರ್ಧ ಮಿಲಿಮೀಟರ್ ಕೂಡ ಮುಂದೆ ಹೋಗಿರಲಿಲ್ಲ. ಸೈಕಲ್ ಕೊಡುತ್ತಿದ್ದವರು ಪಕ್ಕದಲ್ಲಿ ನಿಂತು ಆಸಕ್ತಿಯಿಂದ ನೋಡುತ್ತಿದ್ದರು, "ನನಗೂ ಇದು ಗೊತ್ತಿರಲಿಲ್ಲ" ಅಂದರು. ರಿಮ್ಮು ಸಮ ಇತ್ತು. ಆದರೆ ಟೈರ್ ಬೆರಳಿನಿಂದ ಒತ್ತಿದರೆ ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿತ್ತು, ಎರಡೂ ಹಾಗೇ. ಬಲಗಡೆ ಗೇರ್ ಲಿವರ್ ನೀವು ಹೇಳಿದ ಹಾಗೇ ಮೆತ್ತಗಿತ್ತು. ಸರ್ ಅಲ್ಲೇ ಸ್ಪ್ರೇ ಹೊಡೆದರು. ಹದಿನೈದು ನಿಮಿಷ ಒತ್ತುತ್ತಾ ಕೂತೆ. ಆಮೇಲೆ ಒಂದು ಕ್ಲಿಕ್ ಬಂತು. ಮತ್ತೆ ಇನ್ನೊಂದು.

ಟೈರು, ಟ್ಯೂಬು, ಕೇಬಲ್, ಹ್ಯಾಂಡಲ್ ಟೇಪ್, ಸರ್ವೀಸ್ ಸೇರಿ ಐದು ಸಾವಿರ ಬೇಕಾಗುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆವು. ಚೌಕಾಸಿ ಅಂತ ಏನೂ ಆಗಲಿಲ್ಲ. ಅವರೇ ಲೆಕ್ಕ ನೋಡಿ 19 ಸಾವಿರಕ್ಕೆ ಒಪ್ಪಿದರು. ಗಾಳಿ ಪಂಪನ್ನೂ ಕೊಟ್ಟರು. ಚಕ್ರ ಬಿಚ್ಚಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದೆವು.

ಪಂಚರ್ ಕಿಟ್ (ತುಮಕೂರು)

ಅಭಿನಂದನೆ ಮೇಡಂ. ಆ ಪಂಪ್ ಜೋಪಾನ. ರೋಡ್ ಬೈಕಿನ ವಾಲ್ವ್ ತೆಳ್ಳಗಿರುತ್ತದೆ, ಪ್ರೆಸ್ಟಾ ಅಂತಾರೆ. ರಸ್ತೆ ಬದಿಯ ಪಂಚರ್ ಅಂಗಡಿಯ ಪೈಪ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ಗಾಳಿ ತುಂಬುವ ಮೊದಲು ವಾಲ್ವಿನ ತುದಿಯ ತಿರುಪು ಸಡಿಲಿಸಬೇಕು. ಹೊಸ ಟೈರ್ ಹಾಕುವಾಗ ಫ್ರೇಮಿನಲ್ಲಿ ಜಾಗ ಇದ್ದರೆ 25 ಮಿಲಿಮೀಟರ್ ಅಗಲದ್ದರ ಬದಲು 28ರದ್ದು ಹಾಕಿಸಿ, ನಮ್ಮ ರಸ್ತೆಗೆ ಕೈ ನೋವು ಕಮ್ಮಿ. ನಿಮ್ಮ ತೂಕ ಕಮ್ಮಿ ಇದ್ದರೆ 28ಕ್ಕೆ ಗಾಳಿಯ ಒತ್ತಡ 65–70 ಪಿಎಸ್‌ಐ ಸಾಕು. ಟೈರ್ ಮೇಲೆ ಬರೆದಿರುವ ಗರಿಷ್ಠದವರೆಗೆ ತುಂಬಬೇಡಿ.

ಮೆಟ್ಟಿಲ ದಾರಿ

28 ಕೂತಿತು. ಸೀಟು 65ಕ್ಕೆ ಇಟ್ಟಿದ್ದೇನೆ. ಎರಡು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಅಂಗೈ ಜೋಮು ಹಿಡಿಯಲಿಲ್ಲ.

ಇವತ್ತು ಬೆಳಿಗ್ಗೆ ಐದೂವರೆಗೆ ಬೆಟ್ಟಕ್ಕೆ ಹೋದೆ. ಕೆಳಗಿನಿಂದಲೇ 34–28ಕ್ಕೆ ಹಾಕಿಕೊಂಡು ನಿಧಾನವಾಗಿ ತುಳಿದೆ. ವಾಕಿಂಗ್ ಬಂದವರೊಬ್ಬರು ಸ್ವಲ್ಪ ದೂರ ನನ್ನ ಜೊತೆಜೊತೆಗೇ ನಡೆದರು, ಅಷ್ಟು ನಿಧಾನ. ನಂದಿ ವಿಗ್ರಹದ ಕಡೆಗೆ ದಾರಿ ಒಡೆಯುವ ಜಾಗದಲ್ಲಿ ಉಸಿರು ಪೂರ್ತಿ ಹೋಯಿತು. ಇಳಿದು ಕಟ್ಟೆಯ ಮೇಲೆ ಕೂತೆ. ಕೆಳಗೆ ಊರಿನ ದೀಪ ಇನ್ನೂ ಆರಿರಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತಿದೆ, ಮೇಲಿನವರೆಗೆ ಹೋದೆ. ಇಳಿಯದೆ ಹತ್ತುವುದು ಇನ್ನೊಂದು ದಿನ.

ಒಂದು ಪ್ರಶ್ನೆ. ಇಳಿಯುವಾಗ ಹಿಂದಿನ ಬ್ರೇಕ್ ಹಿಡಿದರೆ ಕಿರ್ ಅಂತ ಜೋರಾಗಿ ಕೂಗುತ್ತದೆ. ಹಿಡಿತ ಏನೋ ಇದೆ. ಹೆದರಬೇಕಾ?

ಗೋಲಗುಮ್ಮಟ

ಹೆದರಬೇಡಿ ಅಕ್ಕಾ. ಬಹಳ ದಿನ ನಿಂತ ಸೈಕಲ್ ಅಲ್ವಾ, ಬ್ರೇಕ್ ಶೂ ಮೇಲ್ಮೈ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ. ಚಕ್ರ ಬಿಚ್ಚಿ ಶೂ ನೋಡಿ. ಅಲ್ಯುಮಿನಿಯಂ ಚೂರು ಚುಚ್ಚಿಕೊಂಡಿದ್ದರೆ ಪಿನ್ನಿನಿಂದ ಎಬ್ಬಿಸಿ ತೆಗೆಯಿರಿ, ಇಲ್ಲದಿದ್ದರೆ ರಿಮ್ಮು ಕೆರೆಯುತ್ತದೆ. ಆಮೇಲೆ ಉಪ್ಪು ಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ರಿಮ್ಮನ್ನು ಸ್ಪಿರಿಟ್ ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ಅಲ್ಲಿ ಎಣ್ಣೆ ಮಾತ್ರ ಬೀಳದಂತೆ ನೋಡಿಕೊಳ್ಳಿ. ಅಷ್ಟು ಮಾಡಿದ ಮೇಲೂ ಕೂಗಿದರೆ ಶೂ ಜೋಡಿಯನ್ನೇ ಬದಲಾಯಿಸಿಬಿಡಿ, ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗುವ ಮೊದಲೇ.